ಮೆಟ್ಟಿಲ ಕಡೆಯಿಂದ ಒಂದನೇ ಬಾಗಿಲು

ಜೂನ್ ೪, ಮಂಗಳವಾರ

ಇವತ್ತು ನಮ್ಮ ಬೀಗದ ಅಂಗಡಿಯಲ್ಲಿ ಕರೆಂಟ್ ಹೋಯಿತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಾಲ್ಕೇ ನಿಮಿಷ. ಬರೆದಿಡುವಂಥ ಸಂಗತಿಯಲ್ಲ. ಆದರೂ ಬರೆಯುತ್ತಿದ್ದೇನೆ.

ಗಿರಾಕಿಗಳಿಗೆ ತೋರಿಸಲೆಂದು ಅಂಗಡಿಯ ಗೋಡೆಗೆ ಎರಡು ಪುಟ್ಟ ಬಾಗಿಲುಗಳನ್ನು ಕೂರಿಸಿದ್ದೇವೆ. ಎರಡಕ್ಕೂ ಕರೆಂಟಿನ ಬೀಗ, ಕಾರ್ಡ್ ತೋರಿಸಿದರೆ ತೆರೆಯುವಂಥದ್ದು. ನೋಡಲು ಅವಳಿ ಮಕ್ಕಳು, ಗುಣ ಮಾತ್ರ ಬೇರೆ ಬೇರೆ. ಕರೆಂಟ್ ಹೋದರೆ ಒಂದು ತಾನಾಗಿ ಬಿಟ್ಟುಕೊಡುತ್ತದೆ. ಇನ್ನೊಂದು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಮೊದಲನೆಯದಕ್ಕೆ ನಮ್ಮ ಯಜಮಾನರು ದಯಾಳು ಎಂದು ಹೆಸರಿಟ್ಟಿದ್ದರು, ಎರಡನೆಯದಕ್ಕೆ ಹಠಮಾರಿ. ಅವರು ತೀರಿಹೋಗಿ ಒಂಬತ್ತು ವರ್ಷವಾದರೂ ಅಂಗಡಿಯಲ್ಲಿ ಅವೇ ಹೆಸರು. ಜನ ಓಡಾಡುವ ಬಾಗಿಲಿಗೆ ದಯಾಳು, ಸರಕಿಡುವ ಕೋಣೆಗೆ ಹಠಮಾರಿ. ಬೆನ್ನ ಹಿಂದೆ ನನಗೂ ಆ ಎರಡನೇ ಹೆಸರೇ ಇದೆ. ಗೊತ್ತು. ಇರಲಿ.

ಕರೆಂಟ್ ಹೋದಾಗ ಗೋಡೆಯ ಮೇಲಿನ ದಯಾಳು ಟಕ್ಕೆಂದು ತೆರೆದುಕೊಂಡಿತು. ಆಗ ನಾನು ಹೊಲಿಗೆ ಕಾರ್ಖಾನೆಯ ಮ್ಯಾನೇಜರ್ ಜೊತೆ ಫೋನಿನಲ್ಲಿದ್ದೆ. ಅವರಿಗೆ ಇನ್ನೆರಡು ಕಾರ್ಡ್ ಬೇಕಿತ್ತು.

"ಒಂದನೇ ಬಾಗಿಲಿಗೆ ಮೇಡಂ, ಸ್ಟೋರಿಂದು."

"ಸ್ಟೋರು ಎರಡನೇದಲ್ವಾ?"

"ಅದ್ಹೇಗೆ? ಲಿಫ್ಟಿಂದ ಹೊರಗೆ ಕಾಲಿಟ್ರೆ ಮೊದಲು ಸಿಗೋದೇ ಸ್ಟೋರು. ಮೆಟ್ಟಿಲ ಬಾಗಿಲು ಎರಡನೇದು."

ಸರಿ ಎಂದೆ. ಫೋನ್ ಇಟ್ಟೆ. ನಾನು ಲಿಫ್ಟ್ ಹತ್ತುವವಳಲ್ಲ. ನಮ್ಮಲ್ಲಿ ಬಾಗಿಲು ಎಣಿಸುವುದು ಮೆಟ್ಟಿಲ ಕಡೆಯಿಂದ. ಯಾವ ಕಟ್ಟಡವೇ ಆಗಲಿ, ಮೆಟ್ಟಿಲು ಹತ್ತಿ ಬಂದವನಿಗೆ ಮೊದಲು ಎದುರಾಗುವುದೇ ಒಂದನೇ ಬಾಗಿಲು. ಯಜಮಾನರು ಹಾಕಿಕೊಟ್ಟ ಕ್ರಮ.

"ಏನಾಯ್ತು ಅತ್ತೆ, ಮುಖ ಹೀಗಾಗಿದೆ?" ಎಂದಳು ಮಗನ ಹೆಂಡತಿ.

"ಬಿಸಿಲು" ಎಂದೆ. ಹೊರಗೆ ಮೋಡ ಕವಿದಿತ್ತು.

ಕೋಣೆಯ ಚಿಲಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನ ಅರ್ಧ ಗಂಟೆ ಮಲಗಿದರೂ ನಾನು ಚಿಲಕ ಹಾಕಿಕೊಳ್ಳುವವಳೇ. ಬೀಗದ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು. ಬಾಗಿಲು ತೆರೆದಿದ್ದರೆ ನನಗೆ ಕಣ್ಣು ಮುಚ್ಚುವುದಿಲ್ಲ.

ನಾಳೆ ಆ ಕಾರ್ಖಾನೆಗೆ ಬೀಗ ಹಾಕಿದಾಗಿನ ಹಾಳೆ ನೋಡಬೇಕು. ತಪ್ಪಿರಲಾರದು.

ಜೂನ್ ೫, ಬುಧವಾರ

ತಪ್ಪಿದೆ.

ಎಲ್ಲರಿಗಿಂತ ಮೊದಲು ಹೋಗಿ ಮಾರ್ಚ್ ತಿಂಗಳ ಕೆಲಸದ ಹಾಳೆಗಳ ಕಟ್ಟು ಬಿಚ್ಚಿದೆ. ಎಲ್ಲಿ ಯಾವ ಬೀಗ ಹಾಕಬೇಕೆಂಬ ಹಾಳೆ ಬರೆಯುವುದು ನಾನೊಬ್ಬಳೇ. ಹೈಸ್ಕೂಲು ಮುಗಿಸಿದವಳು, ನಿನ್ನ ಅಕ್ಷರ ಕುರುಡನಿಗೂ ಕಾಣುತ್ತದೆ ಎನ್ನುತ್ತಿದ್ದರು ಯಜಮಾನರು. ಕಂಡಿತು. "ಹೊಲಿಗೆ ಕಾರ್ಖಾನೆ, ಮೂರನೇ ಮಹಡಿ. ಬಾಗಿಲು ೧: ಹ. ಬಾಗಿಲು ೨: ದ." ಮ್ಯಾನೇಜರ್ ಫೋನಿನಲ್ಲಿ ಲಿಫ್ಟಿನ ಕಡೆಯಿಂದ ಎಣಿಸಿ ಹೇಳಿದ್ದಾರೆ. ನಾನು ಹೇಳಿದ ಹಾಗೇ ಬರೆದಿದ್ದೇನೆ. ನಮ್ಮ ಗುನುಗಪ್ಪ ಅದನ್ನು ಹಿಡಿದು ಹೋಗಿ ಮೆಟ್ಟಿಲ ಕಡೆಯಿಂದ ಎಣಿಸಿ ಹಾಕಿದ್ದಾನೆ. ಸರಕಿನ ಕೋಣೆಗೆ ದಯಾಳು, ಮೆಟ್ಟಿಲ ಬಾಗಿಲಿಗೆ ಹಠಮಾರಿ.

ಗುನುಗಪ್ಪ ನಮ್ಮ ಫಿಟ್ಟರ್. ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಡ್ರಿಲ್ ಕೈಗೆ ಬಂತೆಂದರೆ ಏನಾದರೊಂದು ಹಾಡು ಗುನುಗುತ್ತಿರಬೇಕು ಅವನಿಗೆ, ಅದಕ್ಕೇ ಆ ಹೆಸರು. ಆ ದಿನ ಅಲ್ಲಿಂದ ಫೋನ್ ಮಾಡಿದ್ದ. ನೆನಪಿಲ್ಲ ಎಂದು ಬರೆದರೆ ನನ್ನ ಪುಸ್ತಕದಲ್ಲೇ ನಾನು ಸುಳ್ಳು ಬರೆದಂತೆ.

"ಅಮ್ಮಾವ್ರೇ, ಮೆಟ್ಟಿಲ ಬಾಗಿಲಿಗೆ ಹಠಮಾರಿ ಅಂತ ಬರುತ್ತಲ್ಲ, ಸರೀನಾ?"

"ಹಾಳೆಯಲ್ಲಿ ಏನಿದೆ?"

"ಹಾಗೇ ಇದೆ."

"ಹಾಳೆ ಬರೆದೋರು ಯಾರು?"

"ನೀವೇ."

"ಮತ್ತೆ? ಇದ್ದ ಹಾಗೆ ಹಾಕಪ್ಪ. ನೀನು ಹಾಕೋದಕ್ಕೆ ಇರೋದು, ಓದೋದಕ್ಕಲ್ಲ."

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ನನಗೂ ಹಿತವಾಗಿತ್ತು. ಕೆಲಸ ಮುಗಿದ ಮೇಲೆ ಒಮ್ಮೆ ಬೆಂಕಿಯ ಗಂಟೆ ಒತ್ತಿ ನೋಡೋಣ ಎಂದು ಮಗನ ಹೆಂಡತಿಯೂ ಹೇಳಿದ್ದಳು. ನಲವತ್ತು ವರ್ಷದ ಅಂಗಡಿಗೆ ಇನ್ನು ನೀನು ಪರೀಕ್ಷೆ ಇಡಬೇಕೇ ಎಂದಿದ್ದೆ.

ಆ ಮಹಡಿಯಿಂದ ಇಳಿಯಲು ಒಂದು ಲಿಫ್ಟು, ಅದು ಬಿಟ್ಟರೆ ಆ ಮೆಟ್ಟಿಲು. ಬೆಂಕಿಯ ಗಂಟೆ ಹೊಡೆದರೆ ಲಿಫ್ಟು ನಿಲ್ಲುತ್ತದೆ. ಅದೇ ಗಂಟೆ ಬೀಗಗಳ ಕರೆಂಟನ್ನೂ ಕಡಿಯುತ್ತದೆ, ಬಾಗಿಲು ತೆರೆದುಕೊಳ್ಳಲಿ ಎಂದು. ದಯಾಳು ಇದ್ದರೆ ತೆರೆದುಕೊಳ್ಳುತ್ತದೆ. ಹಠಮಾರಿ ಬಿಗಿದುಕೊಂಡೇ ಇರುತ್ತದೆ. ಒಳಗಡೆ ಹಿಡಿಯೂ ಇಲ್ಲ, ಬರೀ ಬಟನ್. ಕೆಲಸದವರು ಸುಮ್ಮಸುಮ್ಮನೆ ಹೊರಗೆ ಹೋಗಬಾರದೆಂದು ಮ್ಯಾನೇಜರೇ ಹಿಡಿ ಬೇಡ ಎಂದಿದ್ದರು. ಕರೆಂಟಿಲ್ಲದ ಬಟನ್ ಅಂಗಿಯ ಗುಂಡಿಗೆ ಸಮ. ದಿನನಿತ್ಯದ ಕರೆಂಟ್ ಹೋದರೆ ಬ್ಯಾಟರಿ ನೋಡಿಕೊಳ್ಳುತ್ತದೆ, ಹಾಗಾಗಿ ಮೂರು ತಿಂಗಳಿಂದ ಯಾರಿಗೂ ಏನೂ ಗೊತ್ತಾಗಿಲ್ಲ. ಗೊತ್ತಾಗುವುದು ಬೆಂಕಿ ಬಿದ್ದ ದಿನ.

ಅರವತ್ತೆರಡು ಜನ ಹೆಂಗಸರು. ಅವರಲ್ಲೊಬ್ಬಳು ಗುನುಗಪ್ಪನ ಹೆಂಡತಿ.

ಮಗ ಬಂದರಿನ ಗೋದಾಮುಗಳ ಕೆಲಸಕ್ಕೆ ಹೋಗಿದ್ದಾನೆ, ತಿಂಗಳ ಕೊನೆಗೆ ಬರುತ್ತಾನೆ. ಅವನಿಗೆ ಫೋನಿನಲ್ಲಿ ಹೇಳುವ ವಿಷಯವಲ್ಲ. ಬೇರೆ ಯಾರಿಗೂ ಹೇಳುವ ವಿಷಯವಲ್ಲ. ಹಾಳೆಯನ್ನು ಕಟ್ಟಿನಿಂದ ತೆಗೆದು ಸೆರಗಿನ ಒಳಗಿಟ್ಟುಕೊಂಡು ಮನೆಗೆ ತಂದಿದ್ದೇನೆ.

ಜೂನ್ ೬, ಗುರುವಾರ

ನಾನೇ ಹೋಗಿ ನೋಡಿ ಬಂದೆ. ಬಹುಶಃ ಗುನುಗಪ್ಪ ತನ್ನ ಬುದ್ಧಿ ಉಪಯೋಗಿಸಿ ಸರಿಯಾಗಿಯೇ ಹಾಕಿರಬಹುದು ಎಂಬ ಆಸೆ. ಮೂರು ಮಹಡಿ, ಅರವತ್ತಾರು ಮೆಟ್ಟಿಲು; ಮೊಣಕಾಲು ಒಂದೊಂದನ್ನೂ ಎಣಿಸಿತು.

ದಯಾಳು ಬೀಗ ಮುಚ್ಚಿಕೊಂಡಿರಲು ಸದಾ ಕರೆಂಟ್ ಬೇಕು. ಮುಟ್ಟಿದರೆ ಆಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಕೆನ್ನೆಯಂತೆ ಬೆಚ್ಚಗಿರುತ್ತದೆ. ಹಠಮಾರಿಗೆ ತೆರೆಯುವ ಗಳಿಗೆಯಲ್ಲಿ ಮಾತ್ರ ಬೇಕು. ಉಳಿದ ಹೊತ್ತೆಲ್ಲ ತಣ್ಣಗೆ. ಪುಸ್ತಕ ಓದಿ ತಿಳಿದದ್ದಲ್ಲ, ಕೈಗೆ ಗೊತ್ತಿರುವುದು. ಸರ್ವೀಸಿಗೆ ಬಂದೆ ಎಂದು ಹೇಳಿ ಮೆಟ್ಟಿಲ ಬಾಗಿಲಿನ ಬೀಗದ ಮೇಲೆ ಅಂಗೈ ಇಟ್ಟೆ.

ತಣ್ಣಗಿತ್ತು.

ಹೊಲಿಗೆ ಮಿಷನ್ನುಗಳ ಸಾಲಿನಿಂದ ಗುನುಗಪ್ಪನ ಹೆಂಡತಿ ಎದ್ದು ಬಂದಳು. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ.

"ಅಯ್ಯೋ ಅಮ್ಮಾವ್ರೇ, ನೀವ್ಯಾಕೆ ಹತ್ಕೊಂಡು ಬಂದ್ರಿ? ನಮ್ಮೋರು ಹಾಕಿದ ಬೀಗ ಹೇಗಿದೆ?"

"ಗಟ್ಟಿಯಾಗಿದೆ."

"ಗಟ್ಟಿ ಇರುತ್ತೆ ಬಿಡಿ. ಮನೇಲಿ ನಲ್ಲಿ ಸೋರಿ ಸೋರಿ ವರ್ಷ ಆಯ್ತು, ಅದಕ್ಕೆ ಕೈ ಹಾಕಲ್ಲ. ಊರೋರ ಬಾಗಿಲು ಅಂದ್ರೆ ಮಾತ್ರ ಓಡ್ತಾರೆ."

ಹತ್ತಿರದ ನಾಲ್ಕಾರು ಹೆಂಗಸರು ನಕ್ಕರು. ಕತ್ತರಿಸಿದ ಬಟ್ಟೆ ಚೂರು ಮೊಣಕಾಲೆತ್ತರ ಬಿದ್ದಿತ್ತು. ಅದರ ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆಗಳು ಉಸ್ಸೆನ್ನುತ್ತಿದ್ದವು, ಹನ್ನೆರಡು. ಬೇಡವೆಂದರೂ ಎಣಿಸಿದೆ.



ಜೂನ್ ೮, ಶನಿವಾರ

ಮ್ಯಾನೇಜರಿಗೆ ಫೋನ್ ಮಾಡಿದೆ. ಕಂಪನಿಯಿಂದ ಹೊಸ ಬೀಗ ಬಂದಿದೆ, ಹಳೆಯದನ್ನು ಬದಲಾಯಿಸಿ ಕೊಡುತ್ತೇವೆ ಎಂದೆ. ಅವರು ಹೌಹಾರಿದರು. "ಈಗ ಡ್ರಿಲ್ಲು ಗಿಲ್ಲು ಅಂತ ಬರಬೇಡಿ ಮೇಡಂ. ಇಪ್ಪತ್ತನೇ ತಾರೀಖು ಸರಕು ಹೊರಡಬೇಕು. ಚೆನ್ನಾಗಿರೋ ಬೀಗಕ್ಕೆ ಯಾಕೆ ಕೈ ಹಾಕ್ತೀರಿ?"

ಇಪ್ಪತ್ತನೇ ತಾರೀಖಿಗೆ ಇನ್ನೂ ಹನ್ನೆರಡು ದಿನ. ಮೂರು ತಿಂಗಳು ಏನೂ ಆಗಿಲ್ಲ, ಹನ್ನೆರಡು ದಿನದಲ್ಲಿ ಏನಾದೀತು ಎಂದುಕೊಂಡೆ. ಎಂದುಕೊಂಡ ಮರುಗಳಿಗೆಯೇ ಬೀದಿಯಲ್ಲಿ ಯಾವುದೋ ಗಾಡಿಯ ಗಂಟೆ ಹೊಡೆಯಿತು. ಎದ್ದು ಹೋಗಿ ಬೀದಿ ನೋಡಿ ಬಂದೆ.

ಸಂಜೆ ಗುನುಗಪ್ಪನನ್ನು ಪಕ್ಕಕ್ಕೆ ಕರೆದು, ಹೆಂಡತಿಯನ್ನು ಹತ್ತು ಹನ್ನೆರಡು ದಿನ ಕೆಲಸಕ್ಕೆ ಕಳಿಸಬೇಡ ಎಂದೆ.

"ಯಾಕಮ್ಮಾವ್ರೇ?"

"ಅಲ್ಲಿ ಕೆಮ್ಮು ಹರಡ್ತಿದೆಯಂತೆ."

"ಅವಳಿಗೆ ಕೆಮ್ಮು ಬಂದ್ರೆ ಕೆಮ್ಮೇ ಓಡಿ ಹೋಗುತ್ತೆ ಬಿಡಿ" ಎಂದು ನಕ್ಕು ಹೊರಟುಹೋದ.

ಮಗನ ಹೆಂಡತಿ ಮೇಜಿನ ಆ ಕಡೆಯಿಂದ ಇದನ್ನೆಲ್ಲ ಕೇಳಿಸಿಕೊಂಡಳು. "ಮಾರ್ಚ್ ಕಟ್ಟಲ್ಲಿ ಒಂದು ಹಾಳೆ ಕಾಣ್ತಿಲ್ಲ ಅತ್ತೆ" ಎಂದಳು. ನನ್ನ ಮೇಲೆ ಕಣ್ಣಿಡಲು ನಿನ್ನನ್ನು ಯಾರು ನೇಮಿಸಿದರು ಎಂದು ಬೈದೆ. ಅವಳು ಕೇಳಿದ್ದು ಹಾಳೆಯ ವಿಷಯ ಮಾತ್ರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಜೂನ್ ೧೦, ಸೋಮವಾರ

ಕೇಡು ಒಂಟಿಯಾಗಿ ಬರುವುದಿಲ್ಲ. ಬರುವ ಗುರುವಾರ ಹೊಲಿಗೆ ಕಾರ್ಖಾನೆಯಲ್ಲಿ ಬೆಂಕಿಯ ತಾಲೀಮಂತೆ. ಗಂಟೆ ಹೊಡೆಯುತ್ತಾರೆ, ಎಲ್ಲರೂ ಮೆಟ್ಟಿಲಿಳಿಯಬೇಕು, ಒಬ್ಬ ಅಧಿಕಾರಿ ಕೆಳಗೆ ಗಡಿಯಾರ ಹಿಡಿದು ನಿಲ್ಲುತ್ತಾನೆ. ಮ್ಯಾನೇಜರೇ ಹೇಳಿದರು, ನಿಮ್ಮ ಕಡೆಯಿಂದಲೂ ಒಬ್ಬರು ಬನ್ನಿ ಎಂದು.

ಬಾಗಿಲು ತೆರೆಯುವುದಿಲ್ಲ. ಅರವತ್ತೆರಡು ಜನರ ಎದುರು, ಅಧಿಕಾರಿಯ ಎದುರು, ನಮ್ಮ ಅಂಗಡಿಯ ಬೋರ್ಡಿನ ಹೆಸರಿರುವ ಬೀಗ ತೆರೆಯುವುದಿಲ್ಲ. ಪೇಟೆಯಲ್ಲಿ ಯಾರ ಮುಖ ನೋಡಲಿ? ಈ ಬೀದಿಯಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುವವರಿದ್ದಾರೆ. ಅವರು ಕುಳಿತೇ ನಗುತ್ತಾರೆ. ಮಗ ಬಂದು ಏನು ಕೇಳುತ್ತಾನೆ? ಅವನ ಹೆಂಡತಿ ಏನೂ ಕೇಳುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಅದು ಇನ್ನೂ ಕಷ್ಟ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ನಾಲ್ಕು ಗಂಟೆಗೆ ಫೋನ್ ಮಾಡಿದೆ. ಸರಕು ಹೊರಡುವ ಹೊತ್ತಿನಲ್ಲಿ ಇಷ್ಟು ಜನರನ್ನು ಎಬ್ಬಿಸಿ ಕೆಲಸ ಕೆಡಿಸಿಕೊಳ್ಳುವುದೇಕೆ, ಮುಂದಿನ ತಿಂಗಳಿಗೆ ಹಾಕಿಕೊಳ್ಳಿ ಎಂದೆ. ಮ್ಯಾನೇಜರ್ ಖುಷಿಯಾದರು. "ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿದ್ರಿ ಮೇಡಂ!" ಮುಂದೆ ಹಾಕಿಸುತ್ತಾರಂತೆ.

ಜೀವ ಬಂದಂತಾಯಿತು. ಸಂಜೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಜೂನ್ ೧೧, ಮಂಗಳವಾರ

ಗುನುಗಪ್ಪನ ಹೆಂಡತಿ ಮಧ್ಯಾಹ್ನದ ಬಿಡುವಿನಲ್ಲಿ ಗಂಡನ ಡಬ್ಬಿ ಕೊಡಲು ಬಂದಿದ್ದಳು. ಬೆಳಿಗ್ಗೆ ಒಂದು ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟು ವಾಸನೆ ಬಂತಂತೆ.

"ಎಲ್ಲರೂ ಎದ್ದು ಬಾಗಿಲ ಕಡೆ ಓಡಿದ್ವಿ ಅಮ್ಮಾವ್ರೇ, ಕುರಿ ಓಡಿದ ಹಾಗೆ. ಬಟನ್ ಒತ್ತಿದ್ವಿ, ತೆರೀತು. ಅಷ್ಟರಲ್ಲಿ ಮ್ಯಾನೇಜರ್ ಬಂದು ಏನಿಲ್ಲ ಹೋಗಿ ಅಂದ್ರು. ಆಮೇಲೆ ನಗು ಅಂದ್ರೆ ನಗು."

ಗಂಟೆ ಹೊಡೆಯಲಿಲ್ಲ. ಹೊಡೆದಿದ್ದರೆ ಬಟನ್ ಕೆಲಸ ಮಾಡುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.



ಜೂನ್ ೧೨, ಬುಧವಾರ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಸೊಸೆ ಕೇಳಿದಳು. "ಅತ್ತೆ, ತಾಲೀಮು ಮುಂದೆ ಹಾಕ್ಸಿದ್ದು ನೀವಂತೆ. ಮ್ಯಾನೇಜರ್ ಹೇಳಿದ್ರು. ಯಾಕೆ?"

ಗುನುಗಪ್ಪ ಮೂಲೆಯಲ್ಲಿ ಕೀಲಿ ಉಜ್ಜುತ್ತಾ ಗುನುಗುತ್ತಿದ್ದ. ನಾನು ಸೆರಗಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ವಾರದಿಂದ ಜೊತೆಗಿದ್ದು ಮೆತ್ತಗಾಗಿತ್ತು.

"ಮೆಟ್ಟಿಲ ಬಾಗಿಲಿಗೆ ಹಠಮಾರಿ ಬಿದ್ದಿದೆ. ನಾನು ಬರೆದದ್ದು."

ಗುನುಗುವುದು ನಿಂತಿತು. ಅವನು ಎದ್ದು ಬಂದು ಹಾಳೆ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾನು ಕೇಳಿದ್ದೆ ಅಮ್ಮಾವ್ರೇ" ಎಂದ.

"ಹೌದು. ಕೇಳಿದ್ದೆ."

"ಕೆಮ್ಮು ಅಂದ್ರಿ."



ಸೊಸೆ ಮಾತ್ರ ಯಾವಾಗ, ಯಾಕೆ, ಹೇಗೆ ಎಂದು ಒಂದನ್ನೂ ಕೇಳಲಿಲ್ಲ. "ಈಗ ಆ ಬಾಗಿಲಿಗೆ ಏನು ಅಡ್ಡ ಇಟ್ಟಿದ್ದೀರಿ?" ಎಂದಳು.

"ಅಡ್ಡ ಅಂದ್ರೆ?"

"ಕುರ್ಚಿ, ಕಲ್ಲು, ಏನಾದ್ರೂ. ಮುಚ್ಚದ ಹಾಗೆ."

ಏನೂ ಇಟ್ಟಿರಲಿಲ್ಲ. ಎಂಟು ದಿನ ಬೀಗ ಬದಲಿಸುವುದು ಹೇಗೆ, ತಾಲೀಮು ತಪ್ಪಿಸುವುದು ಹೇಗೆ, ಒಬ್ಬ ಹೆಂಗಸನ್ನು ಮನೆಯಲ್ಲಿರಿಸುವುದು ಹೇಗೆ ಎಂದು ತಲೆ ಒಡೆದುಕೊಂಡಿದ್ದೆ. ಬಾಗಿಲನ್ನು ತೆರೆದಿಡಬಹುದು ಎಂಬುದು ಈ ಬೀಗದ ಮನೆಯವಳಿಗೆ ಹೊಳೆದೇ ಇರಲಿಲ್ಲ.

ಗುನುಗಪ್ಪ ಆಗಲೇ ಹೆಂಡತಿಗೆ ಫೋನ್ ಹಚ್ಚಿದ್ದ. "ಲೇ, ಎದ್ದು ಹೋಗಿ ಮೆಟ್ಟಿಲ ಬಾಗಿಲಿಗೆ ನಿನ್ನ ಸ್ಟೂಲು ಇಡು. ಕೇಳಬೇಡ, ಇಡು ಅಂದೆ. ಈಗಲೇ."

ಮೂವರೂ ಹೊರಟೆವು. ಅಷ್ಟರಲ್ಲಿ ಮ್ಯಾನೇಜರ್ ಸ್ಟೂಲು ತೆಗೆಸಿ, ಬಾಗಿಲು ಮುಚ್ಚಿಸಿ, ಗುನುಗಪ್ಪನ ಹೆಂಡತಿಯನ್ನು ಗದರುತ್ತಿದ್ದರು. ನಾನು ಮಿಷನ್ನುಗಳ ನಡುವೆ ನಿಂತು ಹೇಳಿದೆ, ಎಲ್ಲರಿಗೂ ಕೇಳುವಂತೆ. ಈ ಬಾಗಿಲು ಬೆಂಕಿ ಬಿದ್ದರೆ ತೆರೆಯುವುದಿಲ್ಲ. ತಪ್ಪು ನನ್ನದು. ಎಂಟು ದಿನದಿಂದ ನನಗೆ ಗೊತ್ತಿತ್ತು. ಮಿಷನ್ನುಗಳು ಒಂದೊಂದಾಗಿ ನಿಂತವು.

ಮ್ಯಾನೇಜರ್ ಮುಖ ಕೆಂಪಾಯಿತು. "ಐದು ಗಂಟೆ ತನಕ ಕೆಲಸ ನಿಲ್ಲಿಸೋಕಾಗಲ್ಲ. ಬಾಗಿಲು ತೆರೆದಿಟ್ರೆ ಸರಕು ಹೊರಗೆ ಹೋದ್ರೆ? ಯಾರು ಕಾಯ್ತಾರೆ?"

"ನಾನು ಕಾಯ್ತೀನಿ. ಒಂದು ಕುರ್ಚಿ ಕೊಡಿ."

ಹತ್ತೂವರೆಯಿಂದ ಐದರವರೆಗೆ ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಬಾಗಿಲು ತೆರೆದಿದೆ ಎಂದು ಗೋಡೆಯ ಮೇಲಿನ ಕಾರ್ಡಿನ ಪೆಟ್ಟಿಗೆ ಕಿವಿಯ ಹತ್ತಿರವೇ ಕೀ ಕೀ ಎನ್ನುತ್ತಿತ್ತು, ಇಡೀ ದಿನ. ಯಾರೂ ನನ್ನೊಡನೆ ಮಾತಾಡಲಿಲ್ಲ. ಒಬ್ಬ ಮುದುಕಿ ಮಾತ್ರ ಹಾದುಹೋಗುವಾಗ, "ಎಂಟು ದಿನ!" ಎಂದಳು. ತಲೆ ತಗ್ಗಿಸಿದೆ. ಮೂರು ಗಂಟೆಗೆ ಗುನುಗಪ್ಪನ ಹೆಂಡತಿ ಚಹಾ ತಂದು ನೆಲದ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಆದರೆ ತಂದಳು.

ಐದಕ್ಕೆ ಸೊಸೆಯೂ ಗುನುಗಪ್ಪನೂ ಎರಡು ಬೀಗಗಳನ್ನೂ ಬಿಚ್ಚಿ ಅದಲುಬದಲು ಮಾಡಿದರು. ಟಾರ್ಚ್ ನಾನೇ ಹಿಡಿದೆ. "ಅತ್ತೆ, ಬೆಳಕು ಇಲ್ಲಿ. ನನ್ನ ಮುಖಕ್ಕಲ್ಲ" ಎಂದು ಒಮ್ಮೆ ಗದರಿದಳು. ಸರಿಯಾಗಿ ಹಿಡಿದೆ. ಆಮೇಲೆ ಗಂಟೆಯ ಸ್ವಿಚ್ ಒತ್ತಿ ನೋಡಿದೆವು. ಟಕ್ ಎಂದಿತು. ಮತ್ತೊಮ್ಮೆ ಒತ್ತಿಸಿದೆ. ಮತ್ತೊಮ್ಮೆ.

"ಸಾಕು ಅತ್ತೆ, ಬೀಗಕ್ಕೂ ಸುಸ್ತಾಗುತ್ತೆ."

ತಾಲೀಮನ್ನು ನಾಳೆಯೇ ಇಡಿ ಎಂದು ಮ್ಯಾನೇಜರಿಗೆ ಹೇಳಿ ಬಂದಿದ್ದೇನೆ. ಇಡುತ್ತೇನೆ, ಆದರೆ ಇನ್ನು ಮುಂದೆ ನಿಮ್ಮ ಅಂಗಡಿಗೆ ಕೆಲಸವಿಲ್ಲ ಎಂದರು. ಸರಿ ಎಂದೆ.

ಜೂನ್ ೧೩, ಗುರುವಾರ

ಹನ್ನೊಂದಕ್ಕೆ ಗಂಟೆ ಹೊಡೆಯಿತು. ನಾನು ಕೆಳಗಿನ ಮೆಟ್ಟಿಲ ಬಳಿ ನಿಂತಿದ್ದೆ. ಮೇಲಿನಿಂದ ಪಾದಗಳ ಸದ್ದು ಕೇಳಿತು. ಇಳಿದು ಬಂದರು. ಒಬ್ಬೊಬ್ಬರನ್ನೂ ಎಣಿಸಿದೆ. ಅರವತ್ತೊಂದಕ್ಕೆ ನಿಂತಿತು.

ಇನ್ನೊಬ್ಬರು ಬರಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ನನ್ನ ಪಕ್ಕದಲ್ಲಿದ್ದ ಗುನುಗಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಡಬ್ಬಿ ಹಿಡಿದುಕೊಂಡು ಸಾವಕಾಶವಾಗಿ ಇಳಿದು ಬಂದಳು.

"ಬೆಂಕಿ ಬಿದ್ರೂ ಡಬ್ಬಿ ಬಿಡಲ್ವಾ ನೀನು?" ಎಂದು ಗುನುಗಪ್ಪ ಕೂಗಿದ.

"ತಾಲೀಮು ಅಂತ ಗೊತ್ತಲ್ಲ! ಊಟ ಆರಿ ಹೋಗಲ್ವಾ?"

ಅಧಿಕಾರಿ ನಕ್ಕ. ನಾನು ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಸೊಸೆ ನೀರಿನ ಬಾಟಲಿ ತೆರೆದು ಕೊಟ್ಟಳು.

ಜೂನ್ ೧೬, ಭಾನುವಾರ

ಕರೆಂಟಿನ ಬೀಗ ಹಾಕಲು ಶುರು ಮಾಡಿದಾಗಿನಿಂದ ಫೋನಿನಲ್ಲಿ ಕೇಳಿ ಬರೆದ ಹಾಳೆಗಳನ್ನೆಲ್ಲ ನಮ್ಮ ಹುಡುಗಿ ಮೂರು ದಿನದಿಂದ ಬೇರ್ಪಡಿಸಿದ್ದಾಳೆ. ಒಂಬತ್ತು ಕಟ್ಟಡ. ಯಾವುದು ಸರಿ, ಯಾವುದು ತಪ್ಪು ಎಂದು ಹೋಗಿ ಮುಟ್ಟಿ ನೋಡದೆ ಹೇಳುವಂತಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವು ಸೂರೆಗೆ ಮೊದಲು ಬಾಗಿಲು ತೆರೆಸಲು ಹೊರಟಿದ್ದೇವೆ. ಒಂಬತ್ತೂ ಕಡೆಗೆ ಫೋನ್ ಮಾಡಿ, ನಾವು ಬರುವ ತನಕ ಜನ ಇಳಿಯುವ ಬಾಗಿಲಿಗೆ ಕುರ್ಚಿ ಇಡಿ ಎಂದು ಹೇಳಿದ್ದಾಯಿತು. ಫೋನ್ ಮಾಡಿದ್ದು ನಾನೇ. ತಪ್ಪು ನನ್ನದು ಎಂದು ಒಂಬತ್ತು ಸಲ ಹೇಳಿದರೂ ಆ ಮಾತು ಬಾಯಿಗೆ ಇನ್ನೂ ಒಗ್ಗಿಲ್ಲ. ಇಬ್ಬರು ಬೈದರು. ಒಬ್ಬರು, ಹೇಳಿದ್ದು ಒಳ್ಳೆಯದಾಯಿತು ಎಂದರು.

ಇನ್ನು ಹಾಳೆಯಲ್ಲಿ ಒಂದು, ಎರಡು ಎಂದು ಬರೆಯುವಂತಿಲ್ಲ. ಬಾಗಿಲಿನಾಚೆ ಏನಿದೆ, ಯಾರಿದ್ದಾರೆ ಎಂದು ಬರೆಯಬೇಕು. ಕೆಳಗೆ ಗುನುಗಪ್ಪನ ಸಹಿಯೂ ಇರಬೇಕು. ಅದನ್ನು ಹೇಳಿದಾಗ ಅವನು ಹೂಂ ಎಂದ, ಅಷ್ಟೇ. ಕೆಲಸಕ್ಕೆ ಬರುತ್ತಿದ್ದಾನೆ. ಇನ್ನೂ ಗುನುಗುತ್ತಿಲ್ಲ.

ನನ್ನ ಭಯ ಹೋಗಿಲ್ಲ. ಒಂಬತ್ತು ಕಡೆ ಯಾರಾದರೂ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟಿದ್ದರೆ ಎಂದು ಮತ್ತೆ ಮತ್ತೆ ಅನ್ನಿಸುತ್ತದೆ. ನಾಳೆ ಎಂಟು ಗಂಟೆಗೆ ಹೊರಟು ಮೊದಲು ಮಕ್ಕಳ ಆಸ್ಪತ್ರೆಯ ಎರಡನೇ ಮಹಡಿ. ಅತ್ತೆ, ನೀವು ಬರಬೇಡಿ, ಮೊಣಕಾಲು ಎಂದಳು. ಬೀಗ ನೋಡಲು ನಿನಗೆ ಮೀಟರ್ ಬೇಕು, ನನಗೆ ಅಂಗೈ ಸಾಕು, ಬರುತ್ತೇನೆ ಎಂದೆ. ಹಾಗಾದರೆ ಲಿಫ್ಟಿನಲ್ಲಿ ಬರಬೇಕು ಎಂದಳು. ನೋಡೋಣ.

ಮಧ್ಯಾಹ್ನ ಊಟವಾದ ಮೇಲೆ ಹಾಳೆಗಳನ್ನು ಎದೆಯ ಮೇಲೆ ಹರಡಿಕೊಂಡು ಓದುತ್ತಿದ್ದವಳಿಗೆ ಚಿಲಕ ಹಾಕದೆಯೇ ನಿದ್ದೆ ಬಂದಿದೆ. ಎದ್ದಾಗ ನಾಲ್ಕು ಗಂಟೆ. ಹಾಳೆಗಳನ್ನೆಲ್ಲ ಮಡಚಿ ಮೇಜಿನ ಮೇಲಿಟ್ಟಿತ್ತು, ಕಾಲಿನ ತನಕ ಹೊದಿಕೆ ಹೊದಿಸಿತ್ತು. ಯಾವಾಗ ಒಳಗೆ ಬಂದು ಹೋದಳೋ, ಗೊತ್ತೇ ಆಗಲಿಲ್ಲ.